ತೆಗಿ ಅಂದಿದ್ದಕ್ಕೆ ತೆಗೆದ ಊರು

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಗಂಗರಾಜುವಿನ ಕತೆ ಕೇಳದೆ ಊರು ಸೇರಿದವರು ಕಡಿಮೆ. ಸೋಮಂದೇಪಲ್ಲಿ ದಾಟಿ, ಎಲ್ಲರಿಗೂ ಟಿಕೆಟ್ ಕೊಟ್ಟಾಗಿ, ಮಿಷನ್ನು ಕಂಕುಳಿಗೆ ಸೇರಿತೆಂದರೆ ಶುರು. ಅರ್ಧ ಬಸ್ಸಿಗೆ ಕನ್ನಡದಲ್ಲಿ, ಇನ್ನರ್ಧಕ್ಕೆ ತೆಲುಗಿನಲ್ಲಿ. ನಗು ಮಾತ್ರ ಇಡೀ ಬಸ್ಸಿನದು ಒಂದೇ ಸಲ ಬರುತ್ತಿತ್ತು.

“ನನ್ ತಂಗಿ ಹಿಂದೂಪುರಾನೇ ಅಳಿಸಾಕ್ಬುಟ್ಳು ಕಣಪ್ಪ. ಮನೆ ಇಲ್ಲ, ಮಾರ್ಕೆಟ್ ಇಲ್ಲ, ರೈಲ್ವೆ ಟೇಸನ್ನೂ ಇಲ್ಲ. ನಾನ್ ಮಾಡಿದ್ ತಪ್ಪು ಇಷ್ಟೇ, ‘ನಮ್ಮೂರು ತೆಗಿಯಮ್ಮ’ ಅಂದೆ. ಮಹರಾಯ್ತಿ ತೆಗ್ದೇಬುಟ್ಳು!”

ಕಂಪ್ಯೂಟರಿನ ಆಟದ ಊರು ಅದು. ತೆಗಿ ಅಂದರೆ ಪರದೆಯ ಮೇಲೆ ತೆರೆ ಎಂದು ಅವನ ಅರ್ಥ. ತಂಗಿ ಅಳಿಸಿಹಾಕು ಅಂದುಕೊಂಡಳು. ಅವಳದೇನು ತಪ್ಪು ಹೇಳಿ? ನಮ್ಮ ಜನ ಬಾಗಿಲನ್ನೂ ತೆಗೆಯುತ್ತಾರೆ, ಕಸವನ್ನೂ ತೆಗೆಯುತ್ತಾರೆ. ಹೋಗಲಿ ತೆಲುಗಿನಲ್ಲಿ ಹೇಳೋಣವೆಂದರೆ ಅಲ್ಲಿನ ‘ತಿಯ್ಯಿ’ಗೂ ಅದೇ ಎರಡು ಕೆಲಸ. ಎರಡು ಭಾಷೆ ಇಟ್ಟುಕೊಂಡು ಒಂದು ಮಾತನ್ನು ನೆಟ್ಟಗೆ ಹೇಳಲಾಗದ ಸೀಮೆ ನಮ್ಮದು.

ಆ ತಂಗಿಯೇ ವಾಣಿಶ್ರೀ. ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನ ಎದುರು ಜೆರಾಕ್ಸ್ ಅಂಗಡಿ ಇಟ್ಟಿದ್ದಾಳೆ. ಬ್ರಹ್ಮಸಮುದ್ರದ ಕಡೆಯ ರೈತರು ಬಂದು “ನಮ್ದು ಅಡಂಗಲ್ ತೆಗಿಯಮ್ಮ” ಎಂದರೆ, ಜಮೀನಿನ ಆ ಕಾಗದವನ್ನು ಕಂಪ್ಯೂಟರಿನಲ್ಲಿ ಹುಡುಕುವ ಮೊದಲು ಅವಳು ತಲೆಯೆತ್ತಿ “ತೆಗಿ ಅಂದ್ರೆ ಓಪನ್ನೋ, ಡಿಲೀಟೋ?” ಎಂದು ಕೇಳುತ್ತಾಳೆ. ಪಾಪ, ಹುಷಾರಿನ ಹೆಂಗಸು ಎಂದು ಜನ ಮೆಚ್ಚುತ್ತಾರೆ. ಅಣ್ಣನ ಬಸ್ಸಿನಲ್ಲಿ ಕೂತಾಗ ಅವನು ಕತೆಯ ಕೊನೆಗೆ ಇವಳತ್ತ ಕೈತೋರಿಸಿ “ಇವ್ಳೇ ನೋಡ್ರಪ್ಪ” ಎನ್ನುತ್ತಾನೆ. ಎಲ್ಲರೂ ತಿರುಗಿ ನೋಡುತ್ತಾರೆ. ಇವಳು ಫೋಟೋಕ್ಕೆ ಕೂತವಳಂತೆ ನಗುತ್ತಾಳೆ.

ಆ ನಗುವಿನ ಹಿಂದೆ ಇಪ್ಪತ್ತು ವರ್ಷದ ಕಳ್ಳತನವೊಂದು ಕೂತಿತ್ತು. ಅವಳಿಗೆ ತೆಗಿ ಅಂದರೆ ಏನೆಂದು ಅವತ್ತೇ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ಬೇಕೆಂದೇ ಅಳಿಸಿದ್ದಳು.

ಹೇಳಿಬಿಡಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದಾಳೆ. ಆದರೆ ಅಣ್ಣನಿಗೆ ಆ ಕತೆಯ ಮೇಲೆ ಅಂಥ ಪ್ರೀತಿ. ಅದರಲ್ಲಿ ತಂಗಿ ಹಾಲುಗಲ್ಲದ ಮುಗ್ಧೆ, ತಾನೊಬ್ಬ ದಡ್ಡ. ಅದನ್ನು ಕಿತ್ತುಕೊಂಡರೆ ಅವನ ಬಳಿ ಏನು ಉಳಿಯುತ್ತದೆ? ತಂಗಿ ಉಳಿಯುತ್ತಾಳೆಯೇ? ಈ ಭಯಕ್ಕೇ ಬಾಯಿ ಕಟ್ಟಿತ್ತು.

ಹೋದ ಗುರುವಾರ ಅವನ ಫೋನ್ ಬಂತು. ಬಸ್ಸಿನ ಗದ್ದಲದ ನಡುವೆ ಕಿರುಚುತ್ತಿದ್ದ.

“ವಾಣೀ! ಊರು ಸಿಕ್ತು ಕಣಮ್ಮ!”

“ಯಾವೂರು ಅಣ್ಣ?”

“ನಮ್ಮೂರು ಕಣೇ! ನೀನು ತೆಗ್ದಿದ್ದು! ಕಂಪ್ಯೂಟರ್ ಸೆಂಟರ್ ತಿಪ್ಪೇಸ್ವಾಮಿ ಅಂಗ್ಡಿ ಖಾಲಿ ಮಾಡ್ತಾವ್ನೆ. ಅಟ್ಟದ ಮೇಲೆ ನಮ್ ಮಿಷನ್ ಇತ್ತಂತೆ. ಆಟ ತನ್ಪಾಡಿಗೆ ತಾನೇ ಬೇರೆ ಕಡೆ ಒಂದು ಕಾಪಿ ಇಟ್ಕಂಡಿತ್ತಂತೆ ಕಣೇ! ನಾನಿನ್ನೂ ನೋಡಿಲ್ಲ. ಭಾನುವಾರ ಬಾ, ಇಬ್ರೂ ಒಟ್ಗೇ ನೋಡನ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ವಾಣಿಶ್ರೀ ಮೌಸಿನ ಮೇಲಿದ್ದ ಕೈಯನ್ನು ತಟ್ಟನೆ ಹಿಂದಕ್ಕೆಳೆದುಕೊಂಡಳು.

ಆಗ ಅವಳಿಗೆ ಹದಿನಾಲ್ಕು, ಗಂಗರಾಜುವಿಗೆ ಹದಿನೇಳು. ಮನೆ ಲೇಪಾಕ್ಷಿಯ ಪಕ್ಕದ ಹಳ್ಳಿಯಲ್ಲಿ. ಅವಳು ಹೈಸ್ಕೂಲು, ಅವನು ಇಂಟರ್ ಕಾಲೇಜು, ಇಬ್ಬರೂ ದಿನಾ ಹಿಂದೂಪುರಕ್ಕೆ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಸಾಯಂಕಾಲ ಬಸ್ಸಿಗೆ ಒಂದು ಗಂಟೆ ಪುರುಸೊತ್ತು. ಸ್ಟೇಷನ್ ರಸ್ತೆಯ ತಿಪ್ಪೇಸ್ವಾಮಿಯ ಕಂಪ್ಯೂಟರ್ ಸೆಂಟರಿನಲ್ಲಿ ಆರು ಮಿಷನ್ನುಗಳಿದ್ದವು. ಮೂಲೆಯದಕ್ಕೆ ಬೆನ್ನು ಇಷ್ಟು ದಪ್ಪ, ಮುಟ್ಟಿದರೆ ಜುಮ್ಮೆನ್ನುವ ಪರದೆ. ಒಂದೇ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅರ್ಧರ್ಧ ಕೂತು ಅಣ್ಣ ತಂಗಿ ಅದರಲ್ಲಿ ಊರು ಕಟ್ಟಿದರು.

ಖಾಲಿ ಹಸಿರು ನೆಲ ಕೊಡುತ್ತಿತ್ತು ಆ ಆಟ. ಹಳಿ ಹಾಸಬೇಕು, ಸ್ಟೇಷನ್ ಇಡಬೇಕು, ರೈಲು ಬಿಡಬೇಕು. ರೈಲು ಬಂದರೆ ಸ್ಟೇಷನ್ನಿನ ಸುತ್ತ ಮನೆಗಳು ತಾವಾಗಿ ಏಳುತ್ತಿದ್ದವು. ಪರದೇಶದ ಹೆಸರುಗಳನ್ನೆಲ್ಲ ಅಳಿಸಿ, ಇಂಗ್ಲಿಷ್ ಅಕ್ಷರದಲ್ಲಿ ತಮ್ಮ ಊರುಗಳ ಹೆಸರು ಹಾಕಿದರು. ದೊಡ್ಡ ಪೇಟೆ ಹಿಂದೂಪುರವಾಯಿತು, ಅದರ ಮುಂದಿನದು ಸೋಮಂದೇಪಲ್ಲಿ. ಆಟದಲ್ಲಿ ಕಡಲೆಕಾಯಿ ಇರಲಿಲ್ಲ, ಹಾಗಾಗಿ ಕಲ್ಲಿದ್ದಲನ್ನೇ ಕಡಲೆಕಾಯಿ ಎಂದುಕೊಂಡು ವ್ಯಾಗನ್ನಿಗೆ ತುಂಬಿದರು. ಪೆನ್ನಾರ್ ಎಂದು ಹೆಸರಿಟ್ಟ ನದಿಯಲ್ಲಿ ವರ್ಷಪೂರ್ತಿ ನೀರು! ಅದನ್ನು ನೋಡಿದಾಗಲೆಲ್ಲ ಗಂಗರಾಜು “ಇದೊಂದು ಸುಳ್ಳು ಕಣೇ” ಎಂದು ನಗುತ್ತಿದ್ದ. ಲೇಪಾಕ್ಷಿಗೆ ಬಸವಣ್ಣ ಬೇಕೆಂದು ವಾಣಿ ಹಟ ಹಿಡಿದಾಗ, ಹಸುಗಳ ಫಾರ್ಮೊಂದನ್ನು ಇಟ್ಟು ಸಮಾಧಾನ ಮಾಡಿದ.

ಎಂಥ ದಿನಗಳವು. ಹಳಿಯ ತಿರುವು ಸರಿಯಾಗಿ ಕೂತರೆ ಇಬ್ಬರೂ ಒಟ್ಟಿಗೆ ಉಸಿರು ಬಿಡುತ್ತಿದ್ದರು. ರಾತ್ರಿ ಊಟಕ್ಕೆ ಕೂತಾಗ ಮುದ್ದೆಯನ್ನು ಗುಡ್ಡ ಮಾಡಿ, ಸಾರನ್ನು ನದಿ ಮಾಡಿ, ಹಳಿ ಎಲ್ಲಿ ಹೋಗಬೇಕೆಂದು ಬೆರಳಲ್ಲಿ ಗೀರುತ್ತಿದ್ದರು. ಅಪ್ಪ ಗಿರಿಯಪ್ಪ “ಅನ್ನದ ಮುಂದೆ ಅದೇನ್ರಲಾ ಆಟ” ಎಂದು ಗದರಿದರೂ ತಾನೂ ಬಗ್ಗಿ ನೋಡುತ್ತಿದ್ದ. ವಾಣಿಗೆ ಆಮೇಲೆ ಮದುವೆಯಾಯಿತು, ಮಕ್ಕಳಾದವು, ಸ್ವಂತ ಅಂಗಡಿಯಾಯಿತು. ಆದರೆ ಇನ್ನೊಬ್ಬರ ಜೊತೆ ಅಷ್ಟು ಒಂದಾಗಿ ಯಾವುದನ್ನೂ ಕಟ್ಟಿದ ನೆನಪಿಲ್ಲ.

ಹೀಗಿರುವಾಗ ಕಲ್ಯಾಣದುರ್ಗದಿಂದ ಸೋದರತ್ತೆ ಪಾಪಕ್ಕ ಬಂದಳು. ಬಂದವಳು ಸುಮ್ಮನೆ ಹೋಗಬಾರದೆ? ವಾಣಿಯ ಗಲ್ಲ ಹಿಡಿದು, “ಇವ್ಳು ನನ್ ಮಗ ಅಂಜಿಗೇ. ಓದು ಮುಗೀಲಿ, ಕರ್ಕಂಡೋಯ್ತೀನಿ” ಎಂದಳು. ಅಪ್ಪ ನಕ್ಕ. ಅಮ್ಮ ತಲೆಯಾಡಿಸಿದಳು. ಹಿರಿಯರಿಗೆ ಅದು ತಮಾಷೆಯ ಮಾತು. ಹದಿನಾಲ್ಕರ ಹುಡುಗಿಗೆ ಅವತ್ತು ಮನೆಯೇ ಪರರದಾಯಿತು.

ಮಾರನೆಯ ದಿನ ಗಂಗರಾಜು ಆಟದಲ್ಲಿ ಒಂದು ಹೊಸ ಹಳಿ ಶುರುಮಾಡಿದ. ನಕ್ಷೆಯ ಆ ತುದಿಯ ಪುಟ್ಟ ಊರಿಗೆ ಕಲ್ಯಾಣದುರ್ಗ ಎಂದು ಹೆಸರು ಹಾಕಿದ. ಅದ್ಯಾಕೆ ಎಂದು ವಾಣಿ ಕೇಳಿದಳು.

“ನಿನ್ ಗಂಡನ ಮನೇಗೆ ಕಣಮ್ಮ,” ಎಂದು ಅವನು ಪರದೆಯಿಂದ ಕಣ್ಣು ಕೀಳದೆ ಹೇಳಿದ.

ಅವಳು ಆಮೇಲೆ ಆ ಹಳಿಯ ಕೆಲಸಕ್ಕೆ ಕೈ ಹಾಕಲಿಲ್ಲ. ಕುರ್ಚಿಯ ತನ್ನರ್ಧದಲ್ಲಿ ಮುಖ ಊದಿಸಿಕೊಂಡು ಕೂರುತ್ತಿದ್ದಳು. ಗಂಗರಾಜು ಗುಡ್ಡ ಕೊರೆದ, ಸೇತುವೆ ಹಾಕಿದ. ಅಣ್ಣನಿಗೇ ಇಷ್ಟು ಅವಸರವಾಗಿದೆಯಲ್ಲ ನನ್ನನ್ನು ಕಳಿಸಲು ಎಂದು ಅವಳ ಹೊಟ್ಟೆಯಲ್ಲಿ ಬೆಂಕಿ.

ಆ ಶನಿವಾರ ಸ್ಪೆಷಲ್ ಕ್ಲಾಸ್ ಮುಗಿಸಿ ಅವಳು ತಡವಾಗಿ ಸೆಂಟರಿಗೆ ಬಂದಳು. ಬಾಗಿಲಲ್ಲಿ ಅಣ್ಣನ ಗೆಳೆಯ ರಾಮಾಂಜಿನೇಯ ಹಲ್ಲು ಕಿರಿದ. “ಬಾರಮ್ಮ ಬಾ. ನಿನ್ನ ಸಾಗಾಕಕ್ಕೆ ರೈಲು ರೆಡಿ ಮಾಡವ್ನೆ ನಿಮ್ಮಣ್ಣ.”

ಗಂಗರಾಜು ಎದುರಿನ ಅಂಗಡಿಯಲ್ಲಿ ಬೋಂಡ ಕಟ್ಟಿಸಿಕೊಳ್ಳುತ್ತಿದ್ದ. ಅಲ್ಲಿಂದಲೇ ಕೂಗಿದ. “ವಾಣೀ, ನಮ್ಮೂರು ತೆಗಿ, ಬತ್ತೀನಿ!”

ಅವಳು ಕುರ್ಚಿಯಲ್ಲಿ ಕೂತಳು. ಅವತ್ತು ಇಡೀ ಕುರ್ಚಿ ಅವಳದೇ. ಪಟ್ಟಿಯಲ್ಲಿ ಊರಿನ ಹೆಸರಿತ್ತು, ಕೆಳಗೆ ಎರಡು ಗುಂಡಿ. ಒಂದು ತೆರೆಯುವುದು, ಇನ್ನೊಂದು ಅಳಿಸುವುದು. ಅವಳು ಎರಡನೆಯದನ್ನು ಒತ್ತಿದಳು. ಖಂಡಿತವೇ ಎಂದು ಆಟ ಕೇಳಿತು. ಅದಕ್ಕಾದರೂ ಕೇಳುವ ಬುದ್ಧಿ ಇತ್ತು. ಹೌದು ಎಂದು ಒತ್ತಿದಳು.

ಗಂಗರಾಜು ಬಂದು ಖಾಲಿ ಪಟ್ಟಿ ನೋಡಿ ಕಲ್ಲಾಗಿ ನಿಂತ. “ನೀನೇ ತೆಗಿ ಅಂದ್ಯಲ್ಲಣ್ಣ,” ಎಂದು ಇವಳು ಅಳುವ ಮುಖ ಮಾಡಿದಳು. ತಿಪ್ಪೇಸ್ವಾಮಿ “ತಿಯ್ಯಮಂಟೇ ತೀಸೇಸಿಂದಿರಾ ಪಿಲ್ಲ!” ಎಂದು, ತೆಗಿ ಅಂದರೆ ತೆಗೆದೇಬಿಟ್ಟಳಲ್ಲೋ ಹುಡುಗಿ ಎಂದು, ಹೊಟ್ಟೆ ಹಿಡಿದುಕೊಂಡು ನಕ್ಕ. ಸೆಂಟರಿಗೆ ಸೆಂಟರೇ ನಕ್ಕಿತು. ಕೊನೆಗೆ ಗಂಗರಾಜುವೂ ನಕ್ಕ, ಆದರೆ ಅವನ ಕಣ್ಣು ತುಂಬಿತ್ತು. ಬೋಂಡದ ಪೊಟ್ಟಣವನ್ನು ತಂಗಿಯ ಕೈಗಿಟ್ಟು “ಬುಡು, ತಿನ್ನು” ಎಂದ. ಮತ್ತೆ ಅವನು ಆ ಆಟ ಆಡಲಿಲ್ಲ. ಮುಂದಿನ ವಾರ ಹೊಸದು ಬಂದು, ಆ ಮಿಷನ್ನೂ ಅಟ್ಟ ಸೇರಿತು.

ಭಾನುವಾರ ಅವಳು ಹಿಂದೂಪುರ ತಲುಪಿದಾಗ ಹನ್ನೊಂದೂವರೆ. ಗಂಗರಾಜುವಿಗೆ ಒಂದು ಗಂಟೆಯ ಕಲ್ಯಾಣದುರ್ಗದ ಬಸ್ಸಿನ ಡ್ಯೂಟಿ. ಡಿಪೋದಲ್ಲಿ ಟಿಕೆಟ್ ಮಿಷನ್ ತಗೊಂಡು ಬರುತ್ತೇನೆಂದು ಹೇಳಿದ್ದ. ತಿಪ್ಪೇಸ್ವಾಮಿಯ ಅಂಗಡಿಯಲ್ಲಿ ಈಗ ಬರೀ ರಟ್ಟಿನ ಡಬ್ಬಗಳು. ನಡುವೆ ಸ್ಟೂಲಿನ ಮೇಲೆ ಆ ಹಳೇ ಮಿಷನ್ನು ಗುರುಗುಟ್ಟುತ್ತಿತ್ತು. ತಿಪ್ಪೇಸ್ವಾಮಿಗೆ ಕೂದಲೆಲ್ಲ ಬೆಳ್ಳಗಾಗಿತ್ತು, ತಡೆದುಕೊಳ್ಳುವ ಗುಣ ಮಾತ್ರ ಇನ್ನೂ ಬಂದಿರಲಿಲ್ಲ. ಗಂಗರಾಜು ಬರುವ ಮೊದಲೇ ಊರನ್ನು ತೆರೆದು ಕೂತಿದ್ದ.

“ರಾಮ್ಮಾ, ರಾ! ಗುಜರಿಗೆ ಹಾಕೋ ಮುಂಚೆ ಒಂದ್ಸಲ ನೋಡನ ಅಂತ ಕರೆಂಟ್ ಕೊಟ್ಟೆ. ನೋಡು, ಎಂಗೈತೆ!”

ವಾಣಿಶ್ರೀ ಪರದೆಗೆ ಬಗ್ಗಿದಳು. ಎಲ್ಲವೂ ಇತ್ತು. ನೀರು ತುಂಬಿದ ಪೆನ್ನಾರ್, ಲೇಪಾಕ್ಷಿಯ ಹಸುಗಳು, ಕಡಲೆಕಾಯಿ ಎಂದುಕೊಂಡ ಕಲ್ಲಿದ್ದಲಿನ ಗುಡ್ಡೆ. ತಾನು ಹದಿನಾಲ್ಕರಲ್ಲಿ ಇಟ್ಟ ಒಂದು ವಕ್ರ ರಸ್ತೆ ಕೂಡ ಹಾಗೇ ವಕ್ರವಾಗಿತ್ತು. ಅವಳಿಗೆ ಅಳು ಬಂತು.

“ನಿನ್ ಹೆಸ್ರಿನ ರೈಲು ಐತಮ್ಮ,” ಎಂದು ತಿಪ್ಪೇಸ್ವಾಮಿ ನಕ್ಷೆಯನ್ನು ಆ ತುದಿಗೆ ಸರಿಸಿದ. ಕಲ್ಯಾಣದುರ್ಗದ ಸ್ಟೇಷನ್ನಿನಲ್ಲಿ ಮೂರು ಡಬ್ಬಿಯ ಕೆಂಪು ರೈಲೊಂದು ನಿಂತಿತ್ತು. ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಹೆಸರು. ತಿಪ್ಪೇಸ್ವಾಮಿ ತನ್ನ ತೆಲುಗಿನಲ್ಲಿ ಅಚ್ಚುಕಟ್ಟಾಗಿ ಓದಿದ. “ವಾಣಿ ಬಂಡ್ಲು.”

ಬಂಡ್ಲು. ಬಂಡಿಗಳು. ಮದುವೆಯಾದ ಹೆಣ್ಣಿನ ಹಿಂದೆ ಪಾತ್ರೆ ಪಗಡೆ, ಹಾಸಿಗೆ ಹೇರಿಕೊಂಡು ಹೋಗುವ ಸಾಲು ಬಂಡಿಗಳು. ಅಂದರೆ ರಾಮಾಂಜಿನೇಯ ಹೇಳಿದ್ದು ನಿಜ. ಅಣ್ಣ ತನ್ನನ್ನು ಹೇರಿ ಕಳಿಸಿಯೂ ಆಗಿತ್ತು, ರೈಲು ಕಲ್ಯಾಣದುರ್ಗ ಸೇರಿಯೂ ಆಗಿತ್ತು. ಇಪ್ಪತ್ತು ವರ್ಷದ ಹಿಂದಿನ ಆ ಬೆಂಕಿ ಬೂದಿ ಕೆದರಿದ ಹಾಗೆ ಮತ್ತೆ ಎದ್ದಿತು. ಜೊತೆಗೇ, ನಾಚಿಕೆ ಬಿಟ್ಟು ಹೇಳಬೇಕೆಂದರೆ, ಸಮಾಧಾನವೂ ಆಯಿತು. ತಾನು ಮಾಡಿದ್ದರಲ್ಲಿ ನ್ಯಾಯವಿತ್ತು. ಇನ್ನು ಹೇಳಲು ಯಾವ ಭಯ?

ಗಂಗರಾಜು ಖಾಕಿಯಲ್ಲಿ ಓಡುತ್ತಲೇ ಬಂದ. “ಎಲ್ಲಿ, ಎಲ್ಲಿ, ಸರ್ಕಳಿ!” ಅವನ ಮುಖ ಹದಿನೇಳರ ಹುಡುಗನ ಮುಖವಾಗಿತ್ತು. ಅವನು ಪರದೆಗೆ ಬಗ್ಗುವ ಮೊದಲೇ ವಾಣಿಶ್ರೀ ಎದ್ದು ನಿಂತಳು.

“ಅಣ್ಣ, ಒಂದ್ಮಾತು. ಅವತ್ತು ನಾನು ಗೊತ್ತಿಲ್ದೆ ತೆಗೀಲಿಲ್ಲ. ಬೇಕಂತ್ಲೇ ಅಳಿಸ್ದೆ.”

“ಏನಂದೆ?”

“ಬೇಕಂತ್ಲೇ. ತೆಗಿ ಅಂದ್ರೆ ಏನಂತ ನಂಗೆ ಗೊತ್ತಿತ್ತು. ಅತ್ತೆ ಬಾಯ್ಮಾತು ಆಡೋದೇ ತಡ, ನೀನು ಹಳಿ ಹಾಕ್ಬುಟ್ಟೆ. ನನ್ನ ಬಂಡ್ಲಿಗೆ ಹೇರಿ ಸಾಗಾಕಿದ್ಯಲ್ಲ, ನೋಡಲ್ಲಿ, ಹೆಸ್ರೂ ಇಟ್ಟಿದ್ದೀಯ!”

ಗಂಗರಾಜು ಪರದೆ ನೋಡಿದ. ಆಮೇಲೆ, ಕ್ಲಾಸಿನಲ್ಲಿ ಪಾಠ ಒಪ್ಪಿಸುವವನಂತೆ ಮೆಲ್ಲಗೆ ಹೇಳಿದ.

“ಬಂಡ್ಲು ಅಲ್ಲ ಕಣಮ್ಮ. ಬಂದ್ಲು. ವಾಣಿ ಬಂದ್ಲು.”

ಇಂಗ್ಲಿಷಿನಲ್ಲಿ ಎರಡಕ್ಕೂ ಅದೇ ಅಕ್ಷರ. ಕನ್ನಡದಲ್ಲಿ ಓದಿದರೆ ವಾಣಿ ಬಂದಳು ಎಂದು.

ಅವನು ಮೌಸ್ ಹಿಡಿದು ರೈಲಿನ ಮೇಲೆ ಒತ್ತಿದ. ಚೌಕವೊಂದು ತೆರೆದುಕೊಂಡಿತು. ಹೊರಡುವುದು ಕಲ್ಯಾಣದುರ್ಗ. ಸೇರುವುದು ಹಿಂದೂಪುರ. ಈವರೆಗೆ ಓಡಿದ್ದು ಸೊನ್ನೆ. ಎಂಜಿನ್ನಿನ ಮೂತಿ ಹಿಂದೂಪುರದ ಕಡೆಗಿತ್ತು.

“ನಿನ್ನ ಕೊಟ್ರೂ, ಬೆಳಿಗ್ಗೆ ರೈಲು ಹತ್ತಿದ್ರೆ ಮಧ್ಯಾಹ್ನ ಊಟಕ್ಕೆ ಮನೇಲಿ ಇರ್ತೀಯ ಅಂತ ಹಾಕಿದ್ ಲೈನು ಅದು. ಎಲ್ಡು ಬಸ್ಸು ಬದಲಾಯಿಸ್ಬೇಕಿತ್ತಲ್ಲ ಆಗ. ಮೊದ್ಲ ರೈಲು ನೀನೇ ಬುಡ್ಬೇಕು ಅಂತ ಅಂಗೇ ನಿಲ್ಸಿದ್ದೆ. ಅದ್ಕೇ ತೆಗಿ ಅಂದಿದ್ದು.”

ಗಂಗರಾಜು ಬಗ್ಗಿ ಮಿಷನ್ನನ್ನು ಆರಿಸಿದ, ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು “ಬಸ್ಸಿಗೆ ಹೊತ್ತಾಯ್ತು” ಎಂದ. ರೈಲನ್ನು ಓಡಿಸಿ ನೋಡೋಣ ಎಂದು ಯಾರೂ ಹೇಳಲಿಲ್ಲ.

ಬಸ್ಸಿನಲ್ಲಿ ಅವಳು ಯಾವಾಗಿನಂತೆ ಮುಂದಿನ ಸೀಟಿನಲ್ಲಿ ಕೂತಳು. ಈಗ ಹೆಂಗಸರಿಗೆ ಬಸ್ಸಿನಲ್ಲಿ ಜೀರೋ ಟಿಕೆಟ್, ಗುರುತಿನ ಕಾರ್ಡು ತೋರಿಸಿದರೆ ಸಾಕು. ಗಂಗರಾಜು ಸಾಲಾಗಿ ಬಂದವನು ತಂಗಿಯ ಮುಂದೆಯೂ ನಿಂತು, ಅವಳ ತಲೆಯ ಮೇಲಿನ ಕಿಟಕಿ ನೋಡುತ್ತ “ಆಧಾರ್” ಎಂದ. ಒಡಹುಟ್ಟಿದವಳ ಹತ್ತಿರ! ಅವಳು ಕಾರ್ಡು ತೆಗೆದು ತೋರಿಸಿದಳು. ಅವನು ಅದರ ಫೋಟೋ ನೋಡಿ, ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ. ಬೈದಿದ್ದರೆ, ಎರಡು ಏಟು ಹಾಕಿದ್ದರೆ ಅವಳು ಇಷ್ಟು ನೋಯುತ್ತಿರಲಿಲ್ಲ.

ಸೋಮಂದೇಪಲ್ಲಿ ಹೋಯಿತು, ಪೆನುಕೊಂಡ ಹೋಯಿತು. ಡ್ರೈವರ್ ತೋಟಪ್ಪ ಕನ್ನಡಿಯಲ್ಲಿ ಹಿಂದೆ ನೋಡಿ “ಏನ್ಲಾ ಗಂಗರಾಜು, ಇವತ್ತು ಕತೆ ಇಲ್ವಾ? ತಂಗೀನೂ ಅವ್ಳೆ” ಎಂದು ಕೆಣಕಿದ.

“ಗಂಟ್ಲು ಸರೀಗಿಲ್ಲ,” ಎಂದು ಗಂಗರಾಜು ಹಿಂದಿನ ಬಾಗಿಲ ಬಳಿ ಹೋಗಿ ನಿಂತುಕೊಂಡ.

ಆಚೆ ಒಣಗಿದ ಹೊಲಗಳು ಹಿಂದಕ್ಕೆ ಸರಿಯುತ್ತಿದ್ದವು. ವಾಣಿಶ್ರೀಗೆ ತನ್ನ ಮೇಲೆ ಅಸಹ್ಯವಾಯಿತು. ಕಲ್ಯಾಣದುರ್ಗಕ್ಕೆ ಈಗ ನಿಜವಾದ ರೈಲೇ ಬಂದಿದೆ, ಅದು ರಾಯದುರ್ಗದ ಕಡೆಯದು. ಹಿಂದೂಪುರದಿಂದ ಅಲ್ಲಿಗೆ ಯಾವ ಸರ್ಕಾರವೂ ಹಾಕದ ಹಳಿಯನ್ನು ಒಬ್ಬ ಹುಡುಗ ಒಂದೊಂದೇ ತುಂಡು ಜೋಡಿಸಿ ಹಾಕಿದ್ದ. ಅದೇ ಹುಡುಗ ಬೆಳೆದು ಅದೇ ದಾರಿಯಲ್ಲಿ ದಿನಾ ಸೀಟಿಯೂದುತ್ತ ಓಡಾಡುತ್ತಿದ್ದಾನೆ. ಬೇರೆ ರೂಟ್ ಸಿಕ್ಕಾಗಲೂ ಬೇಡವೆಂದಿದ್ದ. ಯಾಕೆಂದು ಅವಳು ಕೇಳಿರಲೇ ಇಲ್ಲ. ತೌರಿನ ಸೊಪ್ಪು, ಹುಣಸೆಹಣ್ಣು, ಅಮ್ಮ ಮಾಡಿದ ಚಟ್ನಿಪುಡಿ ಇದೇ ಬಸ್ಸಿನಲ್ಲಿ ವಾರವಾರ ಅಂಗಡಿ ಬಾಗಿಲಿಗೆ ಬರುತ್ತಿತ್ತು. ಇವಳು ಮಾತ್ರ ವರ್ಷಕ್ಕೆ ಎರಡು ಸಲ, ಅಂಗಡಿ ಬಿಟ್ಟು ಬರಲಾಗದು ಎಂದು ನೆಪ ಹೇಳಿ, ನಿಂತ ಕಾಲಲ್ಲೇ ಹೋಗಿ ಬರುತ್ತಿದ್ದಳು. ಸುಳ್ಳನ್ನು ಹೊತ್ತವಳಿಗೆ ಅಣ್ಣನ ಮನೆಯಲ್ಲಿ ಹೆಚ್ಚು ಹೊತ್ತು ಕೂರಲು ಆಗುತ್ತಿರಲಿಲ್ಲ.

ಕಲ್ಯಾಣದುರ್ಗದಲ್ಲಿ ಎಲ್ಲರೂ ಇಳಿದರು. ತೋಟಪ್ಪ ಟೀ ಕುಡಿಯಲು ಹೋದ. ಕಿಟಕಿಯಾಚೆ ಅವಳ ಜೆರಾಕ್ಸ್ ಅಂಗಡಿಯ ಬೋರ್ಡು ಕಾಣುತ್ತಿತ್ತು. ವಾಣಿಶ್ರೀ ಬ್ಯಾಗ್ ಹಿಡಿದು ಎದ್ದಳು, ಎರಡು ಹೆಜ್ಜೆ ಇಟ್ಟಳು. ಮತ್ತೆ ಹೋಗಿ ಅದೇ ಸೀಟಿನಲ್ಲಿ ಕೂತು ಗಂಡ ಅಂಜಿಗೆ ಫೋನ್ ಮಾಡಿದಳು.

“ನಾನು ಅಣ್ಣನ ಮನೇಗೆ ಹೋಯ್ತೀನಿ. ನಾಲ್ಕು ದಿನ ಇದ್ದು ಬತ್ತೀನಿ. ಅಂಗ್ಡಿ ನೋಡ್ಕೋ.”

“ಬೆಳಿಗ್ಗೆ ತಾನೆ ಹೋಗಿದ್ಯಲ್ಲೇ?”

“ಅದು ಹೋಗಿದ್ದಲ್ಲ,” ಎಂದು ಇಟ್ಟಳು.

ಗಂಗರಾಜು ಮುಂದಿನ ಬೋರ್ಡನ್ನು ಹಿಂದೂಪುರಕ್ಕೆ ತಿರುಗಿಸಿ ಒಳಗೆ ಬಂದ. ಖಾಲಿ ಬಸ್ಸಿನಲ್ಲಿ ಅವಳೊಬ್ಬಳೇ.

“ಊರು ಬಂತು. ಇಳಿ.”

“ಇಳಿಯಲ್ಲ.”

“ಈ ಬಸ್ಸು ತಿರ್ಗ ಹಿಂದೂಪುರಕ್ಕೆ ಹೋಯ್ತದೆ.”

“ಅದ್ಕೇ ಕುಂತಿರೋದು ಅಣ್ಣ. ನೀನು ಹಾಕಿದ್ ಲೈನು, ನಾನು ಒಂದ್ಸಲಾನೂ ಅದ್ರಾಗೆ ನೆಟ್ಟಗೆ ಬರ್ಲಿಲ್ಲ. ತಪ್ಪಾಯ್ತು. ಬೈಯಿ, ಏನಾರ ಮಾಡು. ಟಿಕೆಟ್ ಕೊಡು.”

ಅವಳು ಬ್ಯಾಗಿಗೆ ಕೈ ಹಾಕಿ ಕಾರ್ಡು ಹುಡುಕತೊಡಗಿದಳು. ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ. ಗಂಗರಾಜು ಅವಳ ಕೈ ಹಿಡಿದು ಬ್ಯಾಗಿನಿಂದ ಆಚೆ ತೆಗೆದ. “ಬುಡು,” ಎಂದವನ ಗಂಟಲು ನಿಜವಾಗಿಯೂ ಸರಿಯಿರಲಿಲ್ಲ. ಮಿಷನ್ ಒತ್ತಿದ. ಟಿಕೆಟನ್ನು ಹರಿದು ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿದ.

ಟೀ ಮುಗಿಸಿ ಬಂದ ತೋಟಪ್ಪ ಸ್ಟಿಯರಿಂಗಿಗೆ ಕೂತು ಕನ್ನಡಿಯಲ್ಲಿ ಅವಳನ್ನು ಕಂಡು ಬೆರಗಾದ. “ಏನಮ್ಮ, ಇಳಿಯೋದೇ ಮರ್ತ್ಬುಟ್ಯಾ? ಎಲ್ಲಿಗೆ ಮತ್ತೆ?”

ವಾಣಿಶ್ರೀ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅಣ್ಣನ ದನಿ ಬಂತು.

“ತೌರಿಗೆ ಬತ್ತಾವ್ಳೆ. ನೀನು ಬಂಡಿ ಎತ್ತಣ್ಣ. ರೈಟ್!”